ಮಳೆಗಾಲ ದಾಟದ ಬಲ್ಬುಗಳು: ನಾಪೋಕ್ಲು ಕಡೆಯ ಒಂದು ತೋಟದ ಮನೆಗೆ ಎಲ್‌ಇಡಿ ಆರಿಸಿದ ಬಗೆ

ನಾಪೋಕ್ಲು ಕಡೆ ಕಾಫಿ ತೋಟದ ನಡುವೆ ಇರುವ ಹಂಚಿನ ಮನೆ. ಹಿರಿಯರ ಕಾಲದ್ದು. ಮರದ ಮುಚ್ಚಿಗೆ, ಎಣ್ಣೆ ಕುಡಿದು ಕಪ್ಪಾದ ಕಂಬಗಳು, ಮುಂದೆ ಉದ್ದನೆಯ ಕೈಯಾಲೆ (ಜಗಲಿ), ಒಳಗೆ ನೆಲ್ಲಕ್ಕಿ ನಡುಬಾಡೆ (ತೂಗುದೀಪ ಹಚ್ಚುವ ನಡುಮನೆ), ಹಿಂದೆ ಅಡುಗೆಮನೆ, ಅದಕ್ಕೆ ತಾಗಿಕೊಂಡು ಬಚ್ಚಲು. ವಾಸವಿರುವುದು ಎಪ್ಪತ್ತು ದಾಟಿದ ಅಜ್ಜ, ಅಜ್ಜಿ. ಬೆಂಗಳೂರಿನಲ್ಲಿರುವ ಮಗ ಜೂನ್ ಮೊದಲ ವಾರ ಬಂದವರು 9 ವ್ಯಾಟಿನ, 6500 ಕೆಲ್ವಿನ್ ಬಿಳಿ ಬೆಳಕಿನ ಒಂದೇ ಬಗೆಯ 20 ಬಲ್ಬು ತಂದು ಎಲ್ಲ ಹೋಲ್ಡರಿಗೂ ಹಾಕಿಹೋದರು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಅವುಗಳಲ್ಲಿ 7 ಕೆಟ್ಟಿದ್ದವು.

ದೂರು ಅದೊಂದೇ ಆಗಿರಲಿಲ್ಲ. ಸಂಜೆ ಏಳರ ಹೊತ್ತಿಗೆ ಉಳಿದ ಬಲ್ಬುಗಳೂ ಮಂಕಾಗಿ ಮಿಣುಕುತ್ತಿದ್ದವು. ಕೈಯಾಲೆಯ ದೀಪ ಹಾಕಿದರೆ ಮಳೆಹುಳುಗಳು ಮುತ್ತಿ ನೆಲದ ತುಂಬ ರೆಕ್ಕೆ ಉದುರುತ್ತಿತ್ತು. ನಡುಬಾಡೆಯಲ್ಲಿ ಪೇಪರ್ ಓದಲು ಆಗುತ್ತಿರಲಿಲ್ಲ. ಅಜ್ಜಿ ಹೇಳಿದ ರೀತಿಯಲ್ಲೇ ಹೇಳುವುದಾದರೆ, ‘ಬೆಳಕು ಉಂಟು, ಅಕ್ಷರ ಕಾಣುವುದಿಲ್ಲ.’ ಮನೆಯವರ ತೀರ್ಮಾನ, ಎಲ್‌ಇಡಿಯೇ ಕಳಪೆ, ಇನ್ನೂ ದುಬಾರಿ ಕಂಪನಿಯದ್ದು ತರಬೇಕು ಎಂದು.

ಹಾಗೆ ತಂದಿದ್ದರೆ ಅವೂ ಉಳಿಯುತ್ತಿರಲಿಲ್ಲ. ಕೊಡಗಿನ ತೋಟದ ಮನೆಗೆ ಬಲ್ಬು ಆರಿಸುವವರು ಅಂಗಡಿಗೆ ಹೋಗುವ ಮುಂಚೆ ತಮ್ಮ ಮನೆಯ ಲೈನ್ ಹೇಗಿದೆ ಎಂದು ನೋಡಬೇಕು. ಈ ಮನೆಯಲ್ಲಿ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಕೆಟ್ಟವು ಎಲ್ಲಿದ್ದವು

ಮೊದಲು ಕೇಳಬೇಕಾದ ಪ್ರಶ್ನೆ, ಎಷ್ಟು ಹೋದವು ಎಂಬುದಲ್ಲ, ಯಾವ ಯಾವ ಹೋಲ್ಡರಿನವು ಹೋದವು ಎಂಬುದು. ಇಲ್ಲಿ 7ರಲ್ಲಿ 6 ಅಡುಗೆಮನೆ, ಬಚ್ಚಲಿನ ಓಣಿ ಮತ್ತು ಕೈಯಾಲೆಯವು. ಏಳನೆಯದು ಒಂದು ಮಲಗುವ ಕೋಣೆಯ ಗಾಜಿನ ಡೂಮಿನೊಳಗಿನದ್ದು. ಪಂಪ್ ಇರುವುದರಿಂದ ಮನೆಗೆ ತ್ರೀ ಫೇಸ್ ಸಂಪರ್ಕವಿದೆ, ಅಂದರೆ ಕೆಂಪು, ಹಳದಿ, ನೀಲಿ ಎಂದು ಕರೆಯುವ ಮೂರು ಲೈನು. ಮೇನ್ ಬೋರ್ಡಿನಿಂದ ವೈರ್ ಹಿಡಿದು ನೋಡಿದಾಗ ಆ 6 ಪಾಯಿಂಟೂ ಹಳದಿ ಫೇಸಿನಲ್ಲಿದ್ದವು. ನಡುಬಾಡೆ, ಮಲಗುವ ಕೋಣೆಗಳು ಮತ್ತು 2 ಕಿಲೋವ್ಯಾಟ್ ಗೀಸರ್ ಕೆಂಪು ಫೇಸಿನಲ್ಲಿ. ಫ್ರಿಜ್ ನೀಲಿಯಲ್ಲಿ.

ಗೀಸರ್ ಇಲ್ಲಿ ಮುಖ್ಯ. ಬೇಸಿಗೆಯಲ್ಲಿ ಈ ಮನೆಯಲ್ಲಿ ಸ್ನಾನದ ನೀರು ಹಂಡೆಯಲ್ಲೇ ಕಾಯುತ್ತದೆ. ಜೂನ್‌ನಿಂದ ಸೌದೆ ಒದ್ದೆ, ಆಮೇಲೆ ಗೀಸರೇ ಗತಿ. ಬಲ್ಬುಗಳು ಮಳೆಗಾಲದಲ್ಲೇ ಹೋಗುವುದಕ್ಕೂ ಗೀಸರ್ ಮಳೆಗಾಲದಲ್ಲೇ ಓಡುವುದಕ್ಕೂ ಸಂಬಂಧವಿತ್ತು.

ರಾತ್ರಿ ಹತ್ತಕ್ಕೆ, ಸುತ್ತಲಿನ ಲೋಡ್ ಇಳಿದ ಮೇಲೆ, ಮಲ್ಟಿಮೀಟರ್ ಹಿಡಿದಾಗ ಮೂರೂ ಫೇಸ್ 236ರಿಂದ 238 ವೋಲ್ಟ್ ತೋರಿಸಿದವು. ಗೀಸರ್ ಹಾಕಿದ ತಕ್ಷಣ ಕೆಂಪು 205ಕ್ಕೆ ಕುಸಿಯಿತು, ಹಳದಿ ಮತ್ತು ನೀಲಿ 255ಕ್ಕೆ ಏರಿದವು. ನಡುಬಾಡೆಯ ದೀಪ ಮಂಕಾಗುವಾಗ ಮೀಟರಿನಲ್ಲಿ ಹಳದಿಯ ಅಂಕಿ ಮೇಲೇರುತ್ತಿತ್ತು. ಒಂದು ಫೇಸ್ ಇಳಿದಾಗ ಇನ್ನೊಂದು ಏರಿದರೆ ಅದು ನ್ಯೂಟ್ರಲ್ ಸಡಿಲವಾದ ಗುರುತು. ಬರೀ ಲೈನ್ ದುರ್ಬಲವಾಗಿದ್ದರೆ ಲೋಡ್ ಬಿದ್ದ ಫೇಸ್ ಇಳಿಯುತ್ತದೆ, ಉಳಿದವು ಇಷ್ಟು ಏರುವುದಿಲ್ಲ.

ಕಾರಣ ಹೀಗೆ. ಮೂರು ಫೇಸುಗಳ ಕರೆಂಟ್ ಹಿಂದಿರುಗುವ ದಾರಿ ನ್ಯೂಟ್ರಲ್. ಅದು ಗಟ್ಟಿಯಾಗಿದ್ದರೆ ಪ್ರತಿ ಫೇಸಿಗೂ ಸುಮಾರು 230 ವೋಲ್ಟ್ ಸಿಗುತ್ತದೆ. ಅದು ಕಳಚಿದರೆ ಗೀಸರೂ ಹಳದಿ ಫೇಸಿನ ಬಲ್ಬುಗಳೂ ಎರಡು ಫೇಸುಗಳ ನಡುವಿನ 400 ವೋಲ್ಟಿಗೆ ಒಂದರ ಹಿಂದೊಂದು ಪೋಣಿಸಿದಂತಾಗುತ್ತವೆ. ಹೆಚ್ಚು ಎಳೆಯುವ ಗೀಸರ್ ತನ್ನ ಪಾಲಿಗೆ ಸ್ವಲ್ಪವೇ ವೋಲ್ಟೇಜ್ ಇಟ್ಟುಕೊಳ್ಳುತ್ತದೆ, ಉಳಿದದ್ದೆಲ್ಲ 30–40 ವ್ಯಾಟಿನ ಬಲ್ಬುಗಳ ಮೇಲೆ ಬೀಳುತ್ತದೆ. 255 ವೋಲ್ಟನ್ನು ಸಾಧಾರಣ ಬಲ್ಬೂ ತಡೆದೀತು. ಆದರೆ ಸಡಿಲ ಜೋಡಣೆ ಕ್ಷಣಕಾಲ ಪೂರ್ತಿ ಬಿಟ್ಟು ಮತ್ತೆ ಹಿಡಿದರೆ ಆ ಕ್ಷಣದ 350, 380 ವೋಲ್ಟನ್ನು ಯಾವ ಬಲ್ಬೂ ತಡೆಯುವುದಿಲ್ಲ.

ಕೆಟ್ಟ ಬಲ್ಬುಗಳ ಬಿಳಿ ಟೋಪಿ ತೆಗೆದಾಗ ಗುರುತು ಸ್ಪಷ್ಟವಿತ್ತು. ಅಲ್ಯೂಮಿನಿಯಂ ತಟ್ಟೆಯ ಮೇಲೆ ಹಳದಿ ಚಿಪ್ಪುಗಳು ವೃತ್ತಾಕಾರವಾಗಿ ಕೂತಿವೆ, ಅವುಗಳಲ್ಲಿ ಒಂದರ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಚಿಪ್ಪುಗಳೆಲ್ಲ ಸರಣಿಯಲ್ಲಿರುವುದರಿಂದ ಒಂದು ಸುಟ್ಟರೆ ಬಲ್ಬೇ ಕತ್ತಲು. ಎರಡರಲ್ಲಿ ಒಳಬರುವ ಕಡೆಯ ಫ್ಯೂಸ್ ರೆಸಿಸ್ಟರ್ ಸಿಡಿದಿತ್ತು. ಡೂಮಿನೊಳಗಿನ ಏಳನೆಯದರ ಚಿಪ್ಪುಗಳಿಗೆ ಏನೂ ಆಗಿರಲಿಲ್ಲ, ಕೆಪಾಸಿಟರಿನ ತಲೆ ಊದಿತ್ತು. ಅದು ಬಿಸಿಯಿಂದ ಕೆಟ್ಟದ್ದು. ಮುಚ್ಚಿದ ಗಾಜಿನೊಳಗೆ ಗಾಳಿ ಆಡದೆ ಬಿಸಿ ಅಲ್ಲೇ ಉಳಿಯುತ್ತದೆ, ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಬಾಳಿಕೆ ಪ್ರತಿ 10 ಡಿಗ್ರಿ ಏರಿಕೆಗೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸುಟ್ಟ ಚಿಪ್ಪಿಗೆ ಬೆಸುಗೆ ಹಾಕಿ ಶಾರ್ಟ್ ಮಾಡಿ ಬಲ್ಬು ಹೊತ್ತಿಸುವ ವಿಡಿಯೊಗಳು ಬಹಳ ಓಡಾಡುತ್ತವೆ. ದಯವಿಟ್ಟು ಮಾಡಬೇಡಿ. ಈ ಬಲ್ಬುಗಳ ತಟ್ಟೆಯ ಮೇಲಿನ ದಾರಿಗಳು ಮೇನ್ಸಿಗೆ ನೇರ ಸೇರಿವೆ, ಮುಟ್ಟಿದರೆ ಹೊಡೆಯುವುದು 230 ವೋಲ್ಟೇ. ಉಳಿದ ಚಿಪ್ಪುಗಳ ಮೇಲೆ ಭಾರ ಹೆಚ್ಚಾಗಿ ಅವೂ ಬೇಗ ಹೋಗುತ್ತವೆ.

ಹುಡುಕಿದಾಗ ದೋಷ ಮೇನ್ ಬೋರ್ಡಿನಲ್ಲೇ ಇತ್ತು. ಹಳೆಯ ಪಿಂಗಾಣಿ ಕಿಟ್‌ಕ್ಯಾಟ್ ಸಾಲಿನಲ್ಲಿ ಮೂರು ಫೇಸಿಗೆ ಮೂರು ಫ್ಯೂಸ್, ಜೊತೆಗೆ ನ್ಯೂಟ್ರಲ್‌ಗೂ ಒಂದು. ನ್ಯೂಟ್ರಲ್‌ನಲ್ಲಿ ಫ್ಯೂಸ್ ಇರಲೇಬಾರದು, ಅದು ಹೋದರೆ ಮೇಲೆ ಹೇಳಿದ ಅನಾಹುತವೇ. ಸಾಲದ್ದಕ್ಕೆ ಅಲ್ಯೂಮಿನಿಯಂ ವೈರನ್ನೂ ತಾಮ್ರದ ವೈರನ್ನೂ ಒಂದೇ ಸ್ಕ್ರೂ ಅಡಿಯಲ್ಲಿ ತಿರುಚಿ ಕೂರಿಸಿದ್ದರು. ಒದ್ದೆ ಗಾಳಿಯಲ್ಲಿ ಈ ಎರಡು ಲೋಹ ತಾಗಿಕೊಂಡರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಅಲ್ಲಿ ಬಿಳಿ ಹಸಿರು ಪುಡಿ ಕಟ್ಟಿ ಪಿಂಗಾಣಿ ಕಪ್ಪಾಗಿತ್ತು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಜಿಲ್ಲೆಯಿದು. ಮೈಸೂರಿನಲ್ಲಿ ಹತ್ತಾರು ವರ್ಷ ತಡೆಯುವ ಜೋಡಣೆ ಇಲ್ಲಿ ಅಷ್ಟು ದಿನ ತಡೆಯುವುದಿಲ್ಲ.

ರಿಪೇರಿ ದೊಡ್ಡದೇನಲ್ಲ. ನ್ಯೂಟ್ರಲ್ ಫ್ಯೂಸ್ ತೆಗೆದು ಹಿತ್ತಾಳೆಯ ನ್ಯೂಟ್ರಲ್ ಲಿಂಕ್ ಹಾಕಬೇಕು, ಅಲ್ಯೂಮಿನಿಯಂ ತುದಿಗೆ ಬೈಮೆಟಲ್ ಲಗ್ ಒತ್ತಬೇಕು, ಪ್ರತಿ ವೈರಿಗೂ ಪ್ರತ್ಯೇಕ ಜಾಗ, ಎರಡೆರಡು ಸ್ಕ್ರೂ. ಆದರೆ ಮೇನ್ ಸ್ವಿಚ್ ಆಫ್ ಮಾಡಿದ ಮಾತ್ರಕ್ಕೆ ಅದರ ಮೇಲಿನ ಭಾಗದಲ್ಲಿ ಕರೆಂಟ್ ಹೋಗುವುದಿಲ್ಲ; ಕಂಬದಲ್ಲಿ ಲೈನ್ ತೆಗೆಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಮೀಟರಿನವರೆಗಿನ ಭಾಗ ಇಲ್ಲಿಗೆ ಕರೆಂಟ್ ಕೊಡುವ ಸೆಸ್ಕ್ ಕಂಪನಿಯ ಸಿಬ್ಬಂದಿಯ ಕೆಲಸ, ಅದಕ್ಕೆ 1912 ಸಹಾಯವಾಣಿಗೆ ದೂರು ಕೊಡಬೇಕು. ಇದಾದ ಮೇಲೆ ಗೀಸರ್ ಹಾಕಿದಾಗ ಹಳದಿ ಫೇಸಿನ ಏರಿಕೆ 3 ವೋಲ್ಟಿಗೆ ನಿಂತಿತು.

ಇದರ ಜೊತೆ ಎರಡು ರಕ್ಷಣೆ ಸೇರಿಸಲಾಯಿತು. ಒಂದು, ವೋಲ್ಟೇಜ್ 270 ದಾಟಿದರೆ ಅಥವಾ 160ಕ್ಕಿಂತ ಇಳಿದರೆ ತಾನೇ ಕತ್ತರಿಸಿ ಸರಿಯಾದಾಗ ತಾನೇ ಜೋಡಿಸುವ ವೋಲ್ಟೇಜ್ ರಿಲೇ. ಇನ್ನೊಂದು, ಏಪ್ರಿಲ್ ಮೇ ತಿಂಗಳ ಗುಡುಗು ಮಿಂಚಿಗೆ ಟೈಪ್ 2 ಸರ್ಜ್ ಪ್ರೊಟೆಕ್ಟರ್, 275 ವೋಲ್ಟಿನದ್ದಲ್ಲ, 320 ವೋಲ್ಟಿನದ್ದು. ಹಳ್ಳಿ ಲೈನಿನಲ್ಲಿ ರಾತ್ರಿ ವೋಲ್ಟೇಜ್ ಏರುವುದು ಮಾಮೂಲು, 275ರದ್ದು ಬೇಗ ಸವೆಯುತ್ತದೆ. ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಸರ್ಜ್ ಪ್ರೊಟೆಕ್ಟರ್ ಮೈಕ್ರೋಸೆಕೆಂಡಿನ ಸಿಡಿಲಿನ ಏಟಿಗೆ, ರಿಲೇ ಬಹಳ ಹೊತ್ತು ಇಳಿಯದೆ ಉಳಿಯುವ ಹೆಚ್ಚು ವೋಲ್ಟೇಜಿಗೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಮೊದಲನೆಯದರಿಂದ ಪ್ರಯೋಜನವಿಲ್ಲ.

ಸಂಜೆಯ ಮಂಕು

ಸಂಜೆ ಏಳಕ್ಕೆ ಅಳೆದಾಗ ಮೂರು ಫೇಸೂ 178ರಿಂದ 185. ಟ್ರಾನ್ಸ್‌ಫಾರ್ಮರ್ ದೂರ, ಮನೆ ಲೈನಿನ ಕೊನೆಗೆ. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಫೆಬ್ರವರಿ ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಪಂಪುಗಳು, ಇನ್ನೂ ಇಳಿಯುತ್ತದೆ. ಇದು ಮನೆಯೊಳಗಿನಿಂದ ಸರಿಯಾಗುವುದಲ್ಲ. ಇದಕ್ಕೆ ಹೊಂದುವ ಬಲ್ಬನ್ನೇ ಆರಿಸಬೇಕು.

ಮಗ ತಂದಿದ್ದ ಬಲ್ಬುಗಳಲ್ಲಿ ಇದ್ದದ್ದು ಲೀನಿಯರ್ ಡ್ರೈವರ್, ಅಂದರೆ ಚಿಪ್ಪುಗಳ ತಟ್ಟೆಯ ಮೇಲೆಯೇ ಒಂದು ಸಣ್ಣ ಐಸಿ, ಒಂದೆರಡು ರೆಸಿಸ್ಟರ್, ಒಂದು ಸಣ್ಣ ಕೆಪಾಸಿಟರ್. ತಯಾರಿಸಲು ಅಗ್ಗ. ಸಾಲಾಗಿ ಸೇರಿಸಿದ ಚಿಪ್ಪುಗಳು ಉರಿಯಲು 200ಕ್ಕೂ ಮೀರಿದ ಡಿಸಿ ವೋಲ್ಟ್ ಬೇಕು. ಲೈನ್ 180ಕ್ಕೆ ಇಳಿದರೆ ಅಲೆಯ ತುದಿಯಲ್ಲಿ ಮಾತ್ರ ಉರಿದು ನಡುವೆ ಆರುತ್ತವೆ. ಅದೇ ಮಂಕು, ಅದೇ ಮಿಣುಕು. ಸ್ವಿಚಿಂಗ್ ಡ್ರೈವರ್ ಇರುವ ಬಲ್ಬಿನಲ್ಲಿ ಕಾಯಿಲ್ ಇರುತ್ತದೆ, 100 ವೋಲ್ಟಿನಲ್ಲೂ 280ರಲ್ಲೂ ಬೆಳಕು ಒಂದೇ ಸಮ. ಪೆಟ್ಟಿಗೆಯ ಮೇಲೆ ಇನ್‌ಪುಟ್ ವೋಲ್ಟೇಜ್ 100–300 ಎಂದಿದೆಯೋ 220–240 ಎಂದಿದೆಯೋ ಎಂಬುದೇ ಕೊಡಗಿನ ಗಿರಾಕಿ ಮೊದಲು ಓದಬೇಕಾದ ಸಾಲು. ಮನೆಯಲ್ಲಿ ಪರೀಕ್ಷಿಸಲು ಮೊಬೈಲ್ ಕ್ಯಾಮೆರಾದ ಸ್ಲೋ ಮೋಶನ್ ಸಾಕು. ಬೆಳಕು ಬಡಿದುಕೊಂಡಂತೆ ಕಂಡರೆ ಆ ಬಲ್ಬು ಓದುವ ಜಾಗಕ್ಕೆ ಬೇಡ.

ಪೆಟ್ಟಿಗೆಯ ಮೇಲಿನ ಉಳಿದ ಸಾಲುಗಳು

2015ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ 9 ವ್ಯಾಟಿನ ಬಲ್ಬುಗಳು ಮನೆಮನೆಗೆ ಬಂದವು. ಒಳ್ಳೆಯ ಕೆಲಸವೇ. ಆದರೆ ಅಂದಿನಿಂದ ಬಲ್ಬು ಅಂದರೆ 9 ವ್ಯಾಟ್ ಎಂಬ ರೂಢಿ ಬಿದ್ದಿದೆ. ವ್ಯಾಟ್ ಹೇಳುವುದು ಎಳೆಯುವ ಕರೆಂಟನ್ನು. ಬೆಳಕನ್ನು ಹೇಳುವುದು ಲೂಮೆನ್. ಹಳೆಯ 60 ವ್ಯಾಟಿನ ಬುರುಡೆ ಬಲ್ಬು ಕೊಡುತ್ತಿದ್ದದ್ದು ಸುಮಾರು 700 ಲೂಮೆನ್. ಈಗ 9 ವ್ಯಾಟಿನಲ್ಲೇ ಒಂದು ಕಂಪನಿಯದು 720, ಇನ್ನೊಂದರದು 950 ಇರುತ್ತದೆ. ವ್ಯಾಟಿಗೆ 100 ಲೂಮೆನ್ನಿಗಿಂತ ಕಡಿಮೆ ಇದ್ದರೆ ಬಿಡಿ. ಲೂಮೆನ್ ಮುದ್ರಿಸದೇ ಇದ್ದರೆ ಖಂಡಿತ ಬಿಡಿ.

ಬಿಐಎಸ್ ಗುರುತು, ಐಎಸ್ 16102 ಮತ್ತು ‘ಆರ್’ ಅಕ್ಷರದ ನೋಂದಣಿ ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಸಂತೆಯಲ್ಲಿ ಹೆಸರಿಲ್ಲದೆ ಮಾರುವ ಬಲ್ಬುಗಳಲ್ಲಿ ಇದು ಇರುವುದಿಲ್ಲ. ಪವರ್ ಫ್ಯಾಕ್ಟರ್ 0.9 ಇರಲಿ, ಸರ್ಜ್ ತಡೆ 4 ಕಿಲೋವೋಲ್ಟ್ ಎಂದಿದ್ದರೆ ಉತ್ತಮ. 25,000 ಗಂಟೆ ಎಂಬುದನ್ನು ಅಷ್ಟು ಕಾಲ ಹೊಸದರಂತೆ ಉರಿಯುತ್ತದೆ ಎಂದು ತಿಳಿಯಬಾರದು. ಬೆಳಕು ಮೊದಲಿನ ಶೇಕಡ 70ಕ್ಕೆ ಇಳಿಯುವವರೆಗಿನ ಲೆಕ್ಕ ಅದು, ಅದೂ ಗಾಳಿಯಾಡುವ ಜಾಗದಲ್ಲಿ. ವಾರಂಟಿಗೆ ಬಿಲ್ ಇಟ್ಟುಕೊಳ್ಳಿ, ಬಲ್ಬಿನ ಕುತ್ತಿಗೆಯ ಮೇಲೆ ಹಾಕಿದ ತಿಂಗಳು, ವರ್ಷವನ್ನು ಮಾರ್ಕರಿನಲ್ಲಿ ಬರೆದಿಡಿ.

ನಡುಬಾಡೆ

ಇಲ್ಲಿ ಹೆಚ್ಚು ಯೋಚಿಸಬೇಕಾಯಿತು. ಕೋಣೆ 6 ಮೀಟರ್ ಉದ್ದ, 4.2 ಮೀಟರ್ ಅಗಲ, ಸುಮಾರು 25 ಚದರ ಮೀಟರ್. ಮುಚ್ಚಿಗೆ 11 ಅಡಿ ಎತ್ತರ, ಕಪ್ಪು ಬೀಟೆ ಮರ. ಇಂಥ ಕೋಣೆಯಲ್ಲಿ ಮುಚ್ಚಿಗೆ ಬೆಳಕನ್ನು ನುಂಗುತ್ತದೆ. ಬಲ್ಬು ಕೊಡುವ ಬೆಳಕಿನಲ್ಲಿ ಮೂರನೇ ಒಂದು ಪಾಲು ಕೆಳಗೆ ತಲುಪಿದರೆ ಹೆಚ್ಚು. ನಡುವೆ ಒಂದೇ 9 ವ್ಯಾಟಿನ ಬಲ್ಬು, 900 ಲೂಮೆನ್. ಅದರ ಮೂರನೇ ಒಂದು ಪಾಲು 300, ಅದನ್ನು 25 ಚದರ ಮೀಟರಿಗೆ ಹಂಚಿದರೆ 12 ಲಕ್ಸ್, ಅಂದರೆ ಚದರ ಮೀಟರಿಗೆ 12 ಲೂಮೆನ್. ಓದಲು ಬೇಕಾದದ್ದು 300. ಅಜ್ಜಿಗೆ ಅಕ್ಷರ ಕಾಣದಿದ್ದುದು ಕಣ್ಣಿನ ದೋಷದಿಂದಲ್ಲ. ವಯಸ್ಸಾದಂತೆ ಕಣ್ಣಿನ ಮಸೂರದೊಳಗೆ ಹಾಯುವ ಬೆಳಕು ಕಡಿಮೆಯಾಗುತ್ತದೆ, ಎಪ್ಪತ್ತರ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಹೆಚ್ಚು ಬೆಳಕು ಬೇಕು. ಮಗ ತಂದ ನೀಲಿಬಿಳಿ ಬೆಳಕು ಪ್ರಖರವಾಗಿ ಕಂಡರೂ ಅಂಥ ಕಣ್ಣಿಗೆ ಚುಚ್ಚುತ್ತದೆ ಅಷ್ಟೆ.

ನಡುವೆ 40 ವ್ಯಾಟಿನ ದೊಡ್ಡ ಬಲ್ಬು ಹಾಕುವುದು ಸುಲಭದ ದಾರಿ. ಆದರೆ ಅದು ಕಣ್ಣು ಕೋರೈಸುತ್ತದೆ, ಮೂಲೆಗಳು ಕತ್ತಲಾಗಿಯೇ ಉಳಿಯುತ್ತವೆ, ಹಳೆಯ ಪಿನ್ ಹೋಲ್ಡರಿನ ಮೇಲೆ ಆ ಬಲ್ಬಿನ ತೂಕವೂ ಹೆಚ್ಚು. ಅದಕ್ಕೆ ಬದಲು ಸುಣ್ಣ ಬಳಿದ ಗೋಡೆಗಳ ಮೇಲೆ 7 ಅಡಿ ಎತ್ತರದಲ್ಲಿ ನಾಲ್ಕು ಪಾಯಿಂಟ್, ತಲಾ 9 ವ್ಯಾಟ್, 3000 ಕೆಲ್ವಿನ್ (ಕೆಲ್ವಿನ್ ಇಳಿದಷ್ಟೂ ಬೆಳಕು ಹಳದಿ). ಬಿಳಿ ಗೋಡೆ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಕೋಣೆಗೆ ಸುಮಾರು 50 ಲಕ್ಸ್ ಸಿಗುತ್ತದೆ, ಕೂತು ಮಾತಾಡಲು ಧಾರಾಳ. ಓದುವುದಕ್ಕೆ ಕುರ್ಚಿಯ ಎಡಪಕ್ಕದಲ್ಲಿ ಲೋಹದ ಟೋಪಿಯ ಸ್ಟ್ಯಾಂಡ್ ದೀಪ, 9 ವ್ಯಾಟ್, 4000 ಕೆಲ್ವಿನ್, ಪುಟದಿಂದ ಎರಡೂಕಾಲು ಅಡಿ ದೂರ. ಅಲ್ಲಿ 350ರಿಂದ 400 ಲಕ್ಸ್ ಬೀಳುತ್ತದೆ. ನೆಲ್ಲಕ್ಕಿಯ ತೂಗುದೀಪದ ಹತ್ತಿರ ಯಾವ ಬಲ್ಬನ್ನೂ ಇಡಲಿಲ್ಲ. ಸಂಜೆ ಹಚ್ಚುವ ಆ ಎಣ್ಣೆ ದೀಪ ಕಾಣಬೇಕಾದರೆ ಪಕ್ಕದಲ್ಲಿ ಬಿಳಿ ಬೆಳಕು ಇರಬಾರದು.

ಒಂದು ಗೋಡೆ ಪಾಯಿಂಟ್ ಮಾತ್ರ ಹೊಸ ಬಲ್ಬಿನಲ್ಲೂ ಮಿಟುಕಿತು. ಅದು ಮೊದಲು ಬೆಡ್‌ಲ್ಯಾಂಪಿಗೆಂದು ಹಾಕಿದ್ದ ಡಿಮ್ಮರ್ ಮೂಲಕ ಬರುತ್ತಿತ್ತು. ಮಾಮೂಲಿ ಎಲ್‌ಇಡಿ ಡಿಮ್ಮರಿಗೆ ಹೊಂದುವುದಿಲ್ಲ. ಡಿಮ್ಮರ್ ತೆಗೆದು ಸಾದಾ ಸ್ವಿಚ್ ಹಾಕಿದ್ದೇ ಸರಿಹೋಯಿತು. ಮಲಗುವ ಕೋಣೆಯೊಂದರಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಬಲ್ಬು ಮಿಣಮಿಣ ಹೊಳೆಯುತ್ತಿತ್ತು. ಟೆಸ್ಟರ್ ಹಿಡಿದರೆ ಆಫ್ ಇದ್ದಾಗಲೂ ಹೋಲ್ಡರಿನಲ್ಲಿ ಫೇಸ್ ಇದೆ. ಹಳೆಯ ವೈರಿಂಗಿನಲ್ಲಿ ಸ್ವಿಚ್ ನ್ಯೂಟ್ರಲ್ ಕತ್ತರಿಸುತ್ತಿತ್ತು. ಇದನ್ನು ಬಲ್ಬಿನ ಸಣ್ಣ ದೋಷವೆಂದು ಬಿಡುವಂತಿಲ್ಲ; ಬಲ್ಬು ಬದಲಿಸುವಾಗ ಬೆರಳು ಪಿನ್ನಿಗೆ ತಾಗಿದರೆ ಶಾಕ್. ಬೋರ್ಡಿನಲ್ಲಿ ಅದಲುಬದಲು ಮಾಡಿಸಲೇಬೇಕು.

ಹೋಲ್ಡರುಗಳನ್ನೂ ಎಲ್ಲ ಕಡೆ ಬದಲಿಸಲಾಯಿತು. ಬಲ್ಬಿನ ಬುಡದ ಎರಡು ಬೆಸುಗೆ ಬೊಟ್ಟುಗಳಲ್ಲಿ ಕಪ್ಪು ಗುಳಿ ಬಿದ್ದಿದ್ದರೆ ಹೋಲ್ಡರಿನ ಸ್ಪ್ರಿಂಗ್ ಸೋತಿದೆ ಎಂದರ್ಥ. ಹೊಸ ಬಲ್ಬು ಹಾಕಿದರೆ ಅದಕ್ಕೂ ಅದೇ ಗುಳಿ.

ಉಳಿದ ಜಾಗಗಳು

ಅಡುಗೆಮನೆಯಲ್ಲಿ ದೀಪ ಬೆನ್ನ ಹಿಂದಿತ್ತು, ಹೆಚ್ಚುವ ಕಲ್ಲಿನ ಮೇಲೆ ತಮ್ಮದೇ ನೆರಳು. 20 ವ್ಯಾಟಿನ, 2000 ಲೂಮೆನ್ನಿನ 4 ಅಡಿ ಟ್ಯೂಬನ್ನು ಕಟ್ಟೆಯ ನೇರ ಮೇಲೆ, ಸ್ವಲ್ಪ ಮುಂದಕ್ಕೆ, 4000 ಕೆಲ್ವಿನ್‌ನಲ್ಲಿ ಹಾಕಲಾಯಿತು. ಇಲ್ಲಿ ಬಣ್ಣ ತೋರುವ ಗುಣ, ಸಿಆರ್‌ಐ, ಮುಖ್ಯ. ಪಂದಿ ಕರಿಗೆ ಮಸಾಲೆಯನ್ನು ಕಪ್ಪಗೆ ಹುರಿಯುವವರಿಗೆ ಹುರಿದದ್ದಕ್ಕೂ ಸೀದದ್ದಕ್ಕೂ ಇರುವ ವ್ಯತ್ಯಾಸ ಕಂಡೇ ಆಗಬೇಕು. ಸಿಆರ್‌ಐ 80ರ ಕೆಳಗಿನದ್ದರಲ್ಲಿ ಕಂದು, ಕೆಂಪು, ಕಪ್ಪು ಒಂದಕ್ಕೊಂದು ಬೆರೆತುಹೋಗುತ್ತವೆ. ಕಾಫಿ ಬೀಜ ಆರಿಸುವ ಉಗ್ರಾಣದ ಮೇಜಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಿಆರ್‌ಐ 90ರ ಟ್ಯೂಬನ್ನೇ ತರಿಸಬೇಕಾಯಿತು. ಕಪ್ಪು ಬೀಜ, ಕಂದು ಬೀಜ ಬೇರ್ಪಡಿಸುವ ಕೆಲಸದಲ್ಲಿ ಆ ಹೆಚ್ಚಿನ ಬೆಲೆ ಸಾರ್ಥಕ.

ಬಚ್ಚಲಿಗೆ ಐಪಿ65ರ, ಅಂದರೆ ದೂಳು, ನೀರು ಒಳಹೋಗದ, 10 ವ್ಯಾಟ್ ಬಲ್ಕ್‌ಹೆಡ್. ಸಾಮಾನ್ಯ ಬಲ್ಬನ್ನು ಮುಚ್ಚಿದ ಗಾಜಿನೊಳಗೆ ಹಾಕಿದರೆ ಮಲಗುವ ಕೋಣೆಯ ಡೂಮಿನ ಕಥೆಯೇ. ಬಲ್ಕ್‌ಹೆಡ್ಡಿನ ಒಡಲನ್ನು ಬಿಸಿ ಹೊರಹಾಕುವಂತೆಯೇ ಮಾಡಿರುತ್ತಾರೆ. ಆ ಸರ್ಕ್ಯೂಟಿಗೆ, ಕರೆಂಟ್ ಸೋರಿದರೆ ತಕ್ಷಣ ಕತ್ತರಿಸುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ.

ಕೈಯಾಲೆಗೆ ಎರಡು 5 ವ್ಯಾಟ್, 2700 ಕೆಲ್ವಿನ್. ಹುಳುಗಳನ್ನು ಸೆಳೆಯುವುದು ಮುಖ್ಯವಾಗಿ ಬೆಳಕಿನ ನೀಲಿ ಮತ್ತು ನೇರಳಾತೀತ ಭಾಗ. ಹಳದಿ ಬೆಳಕಿಗೆ ಬರುವುದು ಕಡಿಮೆ. ಮಳೆಹುಳು ಎದ್ದ ಸಂಜೆ ಪೂರ್ತಿ ನಿಲ್ಲುವುದಿಲ್ಲ, ಆ ಅರ್ಧ ಗಂಟೆ ದೀಪ ಆರಿಸುವುದೇ ಸರಿ. ಕಣದ ಕಡೆಗೆ 30 ವ್ಯಾಟಿನ ಐಪಿ66 ಫ್ಲಡ್ ಲೈಟ್, ಸ್ವಿಚ್ ಮಲಗುವ ಕೋಣೆಯೊಳಗೆ. ರಾತ್ರಿ ನಾಯಿ ಬೊಗಳಿದರೆ ಬಾಗಿಲು ತೆರೆಯುವ ಮುಂಚೆ ಅಂಗಳ ಕಾಣಬೇಕು. ಆನೆ ಓಡಾಡುವ ಕಡೆ ಇದರಲ್ಲಿ ಜಿಪುಣತನ ಸಲ್ಲದು.

ಜಿಪುಣತನದ ಮಾತು ಬಂದದ್ದರಿಂದ ಲೆಕ್ಕ ಹೇಳುವುದು ಒಳ್ಳೆಯದು. ಮನೆಯ ಎಲ್ಲ ದೀಪಗಳ ದಿನದ ಬಳಕೆ ಸುಮಾರು 400 ವ್ಯಾಟ್ ಅವರ್, ತಿಂಗಳಿಗೆ 12 ಯೂನಿಟ್. ಯೂನಿಟಿಗೆ 6 ರೂಪಾಯಿ ಹಿಡಿದರೂ 72 ರೂಪಾಯಿ. ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್. ಗೃಹಜ್ಯೋತಿಯ ಮಿತಿ ದಾಟೀತೆಂಬ ಚಿಂತೆ ಇದ್ದರೆ ಗೀಸರಿನ ಹೊತ್ತು ಕಡಿಮೆ ಮಾಡಿ. 9ರ ಬದಲು 7 ವ್ಯಾಟ್ ಹಾಕಿ ಮಬ್ಬಿನಲ್ಲಿ ಕೂರುವುದರಿಂದ ಉಳಿಯುವುದು ತಿಂಗಳಿಗೆ ಕೆಲವೇ ರೂಪಾಯಿ, ಅದಕ್ಕಾಗಿ ವಯಸ್ಸಾದವರು ಮೆಟ್ಟಿಲು ತಪ್ಪುವಂತಾಗಬಾರದು.

ಕರೆಂಟ್ ಹೋದ ದಿನಗಳು

ಜುಲೈನಲ್ಲಿ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದರೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಹೊಸದಲ್ಲ. ಮನೆಯಲ್ಲಿ 150 ಆಂಪಿಯರ್ ಅವರ್ ಬ್ಯಾಟರಿಯ ಇನ್ವರ್ಟರ್ ಇದೆ. ಹೆಸರಿಗೆ 1800 ವ್ಯಾಟ್ ಅವರ್, ಬ್ಯಾಟರಿ ಕೆಡದಂತೆ ಬಳಸಲು ಸಿಗುವುದು ಸುಮಾರು 1000. ಎಲ್ಲ ದೀಪಗಳನ್ನೂ ಅದಕ್ಕೆ ಕಟ್ಟಿದ್ದರು. ಈಗ ಅಡುಗೆಮನೆಯ ಟ್ಯೂಬ್, ಓದುವ ದೀಪ, ಒಂದು ಕೋಣೆ, ಬಚ್ಚಲಿನ ಓಣಿ, ಇಷ್ಟೇ, 45 ವ್ಯಾಟ್. ಇನ್ವರ್ಟರ್ ತಾನೇ ತಿನ್ನುವ 15 ವ್ಯಾಟ್ ಸೇರಿದರೆ 60. ಹದಿನಾರು ಗಂಟೆಗೆ ಮೋಸವಿಲ್ಲ, ಸಂಜೆಗಷ್ಟೇ ಹಾಕಿ ಉಳಿದ ಹೊತ್ತು ಇನ್ವರ್ಟರನ್ನೇ ಆಫ್ ಮಾಡಿದರೆ ಮೂರು ದಿನ. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಅಗ್ಗದ ಬಲ್ಬುಗಳು ಗುಂಯ್‌ಗುಡುತ್ತವೆ, ಬೇಗ ಹೋಗುತ್ತವೆ. ಸೈನ್ ವೇವ್ ಇರಲಿ. ಒಳಗೇ ಬ್ಯಾಟರಿ ಇರುವ ಎಮರ್ಜೆನ್ಸಿ ಬಲ್ಬು ಒಂದನ್ನು ಅಟ್ಟದ ಮೆಟ್ಟಿಲಿಗೆ ಹಾಕಲಾಗಿದೆ. ಅದರ ಸ್ವಿಚ್ ಆನ್ ಇರುವಷ್ಟು ಹೊತ್ತು ಮಾತ್ರ ಚಾರ್ಜ್ ಆಗುತ್ತದೆ, ಎರಡು ಮೂರು ವರ್ಷಕ್ಕೆ ಬ್ಯಾಟರಿ ಸೋಲುತ್ತದೆ.

ಮುಂದಿನ ಮಳೆಗಾಲದಲ್ಲಿ ಒಳಗಿನ ಬಲ್ಬುಗಳಲ್ಲಿ ಒಂದೂ ಹೋಗಲಿಲ್ಲ. ಹೋದದ್ದು ಕಣದ ಫ್ಲಡ್ ಲೈಟ್. ಬಿಚ್ಚಿದರೆ ಒಳಗೆ ನೀರು. ಐಪಿ66 ಎಂಬುದು ದೀಪದ ಒಡಲಿಗೆ ಸರಿ, ಆದರೆ ಕೇಬಲ್ಲನ್ನು ಮಾಡಿನಿಂದ ನೇರ ಇಳಿಸಿ ಇನ್ಸುಲೇಶನ್ ಟೇಪ್ ಸುತ್ತಿದ ಜೋಡಣೆಯ ಮೂಲಕ ನೀರು ಕೇಬಲ್ಲಿನೊಳಗೇ ಹರಿದು ಬಂದಿತ್ತು. ಹೊಸದನ್ನು ಹಾಕುವಾಗ ಜೋಡಣೆಯನ್ನು ರಬ್ಬರ್ ಗ್ಲ್ಯಾಂಡ್ ಇರುವ ಜಂಕ್ಷನ್ ಬಾಕ್ಸಿನೊಳಗೆ ಇಟ್ಟು, ಕೇಬಲ್ ಬಾಕ್ಸಿನ ತಳದಿಂದ ಒಳಹೋಗುವಂತೆ ಮಾಡಿ, ಅದಕ್ಕೆ ಮುಂಚೆ ಅರ್ಧ ಅಡಿ ಕೆಳಗೆ ಜೋಲು ಬಿಟ್ಟು ಕಟ್ಟಲಾಯಿತು. ನೀರು ಆ ಜೋಲಿನ ತಳದಿಂದಲೇ ತೊಟ್ಟಿಕ್ಕಿ ಹೋಗುತ್ತದೆ.